ಹಣೆಯ ಬಳಿ ನಿಂತುಹೋದ ಪುಟ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಇಂದು ಬೆಳಿಗ್ಗೆ ಟ್ಯಾಕ್ಸಿ ನಿಲ್ದಾಣದಲ್ಲಿ ನಿಮ್ಮ ಹಣೆಯನ್ನು ಕಂಡೆ. ಹಣೆಯನ್ನು ಮಾತ್ರ. ಮೂಲೆಯಲ್ಲಿ ಗಾಜು ಸೀಳಿದ ಒಂದು ಅಗ್ಗದ ಫೋನಿನ ಪರದೆಯ ಮೇಲೆ ಅದು ನೆತ್ತಿಯ ನರೆಗೂದಲಿನಿಂದ ಶುರುವಾಗಿ, ಹುಬ್ಬಿನ ತನಕ ಇಳಿದು, ಅಲ್ಲಿಗೇ ನಿಂತುಬಿಟ್ಟಿತ್ತು. ಕಣ್ಣು ಇನ್ನೂ ಬಂದಿರಲಿಲ್ಲ. ಅದರ ಕೆಳಗೆಲ್ಲ ಬರೀ ಬೂದು ಬಣ್ಣ. ಬೇರೆ ಯಾರಿಗಾದರೂ ಅದು ಯಾರ ಹಣೆ ಎಂದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು. ಆ ಚಿತ್ರವನ್ನು ಕತ್ತರಿಸಿ, ನೀವು ಹೇಳಿದಂತೆ ಹಣೆಯ ಹೊಳಪನ್ನು ತುಸು ತಗ್ಗಿಸಿ, ನಮ್ಮ ಜಾಲತಾಣದ ಪ್ರತಿ ಪುಟದ ನೆತ್ತಿಗೂ ಏರಿಸಿದವಳು ನಾನೇ.

ನನ್ನ ದೂರು ಇಷ್ಟು. ಆ ಹಣೆಯ ಕೆಳಗೆ ನಾಲ್ಕು ಸಾಲುಗಳಿದ್ದವು. ಸೊಟ್ಟ ಪಾದದ ಮಕ್ಕಳಿಗೆ ಪ್ಲಾಸ್ಟರ್ ಹಾಕುವ ಕ್ಲಿನಿಕ್ಕು ಈ ವಾರ ಪಟ್ಟಣದ ಆಸ್ಪತ್ರೆಯಲ್ಲೋ ಅಸ್ವಾ ನದಿಯಾಚೆಯ ಕೇಂದ್ರದಲ್ಲೋ ಎಂದು ಹೇಳುವ ಸಾಲುಗಳು. ಅವು ಆ ಫೋನನ್ನು ತಲುಪಲಿಲ್ಲ. ತಲುಪದ ಕಾರಣ, ವಾರವಾರವೂ ಸ್ವಲ್ಪಸ್ವಲ್ಪವೇ ನೇರವಾಗುತ್ತ ಬಂದಿದ್ದ ಒಂದು ಕೂಸಿನ ಎಡಪಾದಕ್ಕೆ ಇವತ್ತು ಪ್ಲಾಸ್ಟರ್ ಬೀಳಲಿಲ್ಲ. ಇನ್ನು ಒಂದು ವಾರ ಅದು ತನ್ನ ಹಳೆಯ ಹಾದಿಗೆ, ಒಳಕ್ಕೆ, ತಿರುಗಬಹುದು.

ಫೋನು ಹಿಡಿದಿದ್ದವಳ ಹೆಸರು ಆರ್ಯೆಮೊ. ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಕರೆದದ್ದು ಮಗುವಿನ ಹೆಸರು ಹಿಡಿದು, ಒಚಾಯಾನಮ್ಮ ಎಂದು. ಮಗುವನ್ನು ಬೆನ್ನಿಗೆ ಕಟ್ಟಿದ್ದಳು. ಅವಳ ಉಗುರುಗಳ ಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಮೆತ್ತಿಕೊಂಡಿತ್ತು. ಕಡಲೆಕಾಯಿ ಅರೆದು ಬಂದವರ ಉಗುರು ಹಾಗಿರುವುದಿಲ್ಲ, ಕಸಾವ ಹಿಟ್ಟು ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಏನಿರಬಹುದೆಂದು ನೋಡುತ್ತ ನಿಂತಿದ್ದೆ. ನನ್ನ ಅಭ್ಯಾಸವೇ ಅದು, ಮಾತಾಡಿಸುವ ಧೈರ್ಯ ಸಾಲದೆ ನೋಡುತ್ತ ನಿಲ್ಲುವುದು. ಅವಳೇ ನನ್ನತ್ತ ತಿರುಗಿದಳು.

"ತಂಗಿ, ಸ್ವಲ್ಪ ನೋಡೇ. ಓದಿದೋಳ ಥರ ಕಾಣ್ತೀಯ. ನನ್ ಫೋನ್ ಕೆಟ್ಟೋಗಿದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ತನ್ನ ಬಾಡಿಗೆಯ ಬೋಡಾ ಬೈಕಿಗೆ ಒರಗಿ ಕೂತಿದ್ದವನು ಇಣುಕಿದ. "ಯಾರದಕ್ಕಾ ಆ ತಲೆ?"

"ಯಾರೋ ದೊಡ್ಡೋರದು. ಹೊತ್ತು ಹುಟ್ಟಿದಾಗಿಂದ ಹಿಂಗೇ ನಿಂತವ್ರೆ. ಕೆಳಗಿಳಿಯೋಕೆ ಒಪ್ತಿಲ್ಲ."

"ದೊಡ್ಡೋರಂದ್ರೆ ಹಂಗೇ. ಕಾಯ್ಬೇಕು. ಮೂಗು ಮಧ್ಯಾಹ್ನಕ್ಕೆ ಬರತ್ತೆ, ಬಾಯಿ ಬರೋದು ಚುನಾವಣೆ ಹೊತ್ಗೆ."

ಸುತ್ತಲಿದ್ದವರು ನಕ್ಕರು. ಆರ್ಯೆಮೊ ಕೂಡ ನಕ್ಕಳು. ನಾನು ಕತ್ತು ತಗ್ಗಿಸಿ ನನ್ನ ಫೋನಿನಲ್ಲಿ ಹುಡುಕಿದೆ. ಕಚೇರಿಯ ವೈ-ಫೈಯಲ್ಲಿ ತೆರೆದು ಫೋನಿನಲ್ಲೇ ಉಳಿಸಿಟ್ಟಿದ್ದರಿಂದ ಪುಟ ತಕ್ಷಣ ಬಂತು. "ಅಕ್ಕಾ, ಕ್ಲಿನಿಕ್ಕು ಇವತ್ತು ಇಲ್ಲಿಲ್ಲ. ನದಿಯಾಚೆ ಇದೆ" ಎಂದೆ. ಅವಳ ನಗು ಒಮ್ಮೆಗೇ ಹೋಗಲಿಲ್ಲ. ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿದು, ಆಮೇಲೆ ಹೋಯಿತು.

"ಆಚೆಗಾ? ಇವತ್ತಾ? ನಾನು ಬಿಚ್ಚಿಬಿಟ್ಟಿದೀನಲ್ಲ ತಂಗಿ."

ಬೆನ್ನಿನ ಬಟ್ಟೆ ಸರಿಸಿ ತೋರಿಸಿದಳು. ಕೂಸಿನ ಎಡಗಾಲು ಬರಿದಾಗಿತ್ತು. ಚರ್ಮ ನೆನೆದು ಸುಕ್ಕಾಗಿ, ಬೆರಳ ಸಂದಿಯಲ್ಲೆಲ್ಲ ಪ್ಲಾಸ್ಟರಿನ ಚೂರು. ಅವಳ ಉಗುರಲ್ಲಿದ್ದದ್ದೂ ಅದೇ.

ಮಾನ್ಯರೇ, ಈ ಪದ್ಧತಿ ನಿಮ್ಮ ಇಲಾಖೆಯದೇ ಆದ್ದರಿಂದ ನಿಮಗೆ ಗೊತ್ತಿರಲೇಬೇಕು. ಆದರೂ ಓದುವವರಿಗಾಗಿ ಬರೆಯುತ್ತೇನೆ. ಪ್ಲಾಸ್ಟರನ್ನು ವಾರಕ್ಕೊಮ್ಮೆ ಬದಲಿಸಬೇಕು. ಹಳೆಯದನ್ನು ಕ್ಲಿನಿಕ್ಕಿನಲ್ಲಿ ಗರಗಸದಿಂದ ಕೊಯ್ದರೆ ಕೂಸು ಹೆದರುತ್ತದೆ, ಹೊತ್ತೂ ಹಿಡಿಯುತ್ತದೆ. ಹಾಗಾಗಿ ತಾಯಂದಿರು ಅದೇ ದಿನ ನಸುಕಿನಲ್ಲಿ ಮನೆಯ ಬೋಗುಣಿಯಲ್ಲಿ ನೀರು ತುಂಬಿ, ಮಗುವಿನ ಕಾಲು ಅದ್ದಿ, ನೆನೆದ ಪಟ್ಟಿಯನ್ನು ತಾವೇ ಬಿಚ್ಚಿಕೊಂಡು ಬರುತ್ತಾರೆ. ಬಿಚ್ಚಿದ ದಿನವೇ ಹೊಸದು ಬೀಳಬೇಕು. ಜಿಲ್ಲೆಯಲ್ಲಿ ಅದನ್ನು ಹಾಕಬಲ್ಲವರು ಒಬ್ಬರೇ, ಅವರು ನದಿಯ ಈಚೆಗೂ ಆಚೆಗೂ ಓಡಾಡುತ್ತಾರೆ. ಅಂದರೆ ಈ ತಾಯಂದಿರಿಗೆ ಸುದ್ದಿ ತಲುಪಬೇಕಾದ ಗಳಿಗೆ ಒಂದೇ ಒಂದು. ಬೋಗುಣಿಗೆ ನೀರು ಹುಯ್ಯುವ ಮುಂಚೆ. ಆಮೇಲೆ ಬರುವ ಸುದ್ದಿ ಸುದ್ದಿಯೇ ಅಲ್ಲ. ಮೊದಲು ಬುಧವಾರ ಸಂಜೆ ರೇಡಿಯೋದಲ್ಲಿ ಹೇಳುತ್ತಿದ್ದರು. ಈಗ ನಮಗೆ ಜಾಲತಾಣವಿದೆ ಎಂದು ನೀವು ಅದನ್ನು ನಿಲ್ಲಿಸಿದಿರಿ.

ಬೋಡಾದವನು ನಗು ನಿಲ್ಲಿಸಿ ಬೈಕು ಶುರುಮಾಡಿದ. "ಹತ್ತಕ್ಕಾ, ನೋಡೇ ಬಿಡಣ." ಹೋಗುವ ಮುಂಚೆ ಅವಳು ನನ್ನ ನಂಬರು ಕೇಳಿಕೊಂಡಳು. ಮಧ್ಯಾಹ್ನ ಅವಳ ಮಿಸ್ಡ್ ಕಾಲ್ ಬಂತು. ತಿರುಗಿ ಕರೆದೆ. ಪ್ಲಾಸ್ಟರಿನವರು ಸಾಮಾನು ಕಟ್ಟಿ ಹೊರಟುಹೋಗಿದ್ದರು. ಅಲ್ಲಿದ್ದ ನರ್ಸು ಕಾಲಿಗೆ ಬಟ್ಟೆ ಸುತ್ತಿ, ಮುಂದಿನ ಗುರುವಾರ ಬಾ, ಹಿಂದಕ್ಕೆ ಎಷ್ಟು ಹೋಗಿರತ್ತೋ ಅಲ್ಲಿಂದ ಶುರು ಮಾಡ್ತಾರೆ ಎಂದರಂತೆ.

ಅವಳು ನಿಮ್ಮನ್ನು ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಅವಳು ಹೇಳಿದ್ದು ಹೀಗೆ: "ನಂದೇ ತಪ್ಪು ತಂಗಿ. ಮುಂಚೆ ಆ ಸೈಟಲ್ಲಿ ಬರೀ ಅಕ್ಷರ ಇರ್ತಿತ್ತು, ಮುಟ್ಟಿದ ತಕ್ಷಣ ಬರ್ತಿತ್ತು. ಈಗ ದೊಡ್ಡೋರ ಸೈಟ್ ಆಗಿದೆ. ನಮ್ಮಂಥೋರ ಫೋನಿಗೆ ಬರಲ್ಲ. ಒಳ್ಳೇ ಫೋನ್ ಇಲ್ದೆ ಇದ್ದದ್ದು ನಂದೇ ನಾಚ್ಗೆಗೇಡು."

ಆ 'ಮುಂಚೆ ಬರೀ ಅಕ್ಷರ' ಇದ್ದ ಪುಟ ನಾನು ಕಟ್ಟಿದ್ದು.

ಅದನ್ನು ಕಟ್ಟಿದ ಕಥೆ ನಿಮಗೆ ಅರ್ಧ ಮಾತ್ರ ಗೊತ್ತು. ನಾವು ಜಾಲತಾಣ ನಡೆಸುವ ತಂತ್ರಾಂಶ ತನ್ನೊಳಗೆ ಹುಟ್ಟುವ ಪ್ರತಿ ಪುಟಕ್ಕೂ ಕೇಳದೆಯೇ ಬಟ್ಟೆ ತೊಡಿಸುತ್ತದೆ. ಆ ಬಟ್ಟೆಗೆ ಥೀಮ್ ಎನ್ನುತ್ತಾರೆ. ಒಂದೇ ಒಂದು ಸಾಲು ಬರೆದರೂ ಸಾಕು, ಅದರ ತಲೆಯ ಮೇಲೆ ಲಾಂಛನ, ಜಾರುವ ಚಿತ್ರಗಳು, ನಿಮ್ಮ ಮುಖ, ನಿಮ್ಮ ಸಂದೇಶ ಬಂದು ಕೂರುತ್ತವೆ. ಪಕ್ಕಕ್ಕೆ ಗಡಿಯಾರ ಮತ್ತು ರಾಜಧಾನಿಯ ಹವಾಮಾನ, ಕಾಲ ಬುಡದಲ್ಲಿ ಇನ್ನೊಮ್ಮೆ ಲಾಂಛನ. ಬಾವಿಯಿಂದ ನೀರು ತರಲು ಹೊರಟ ಹೆಂಗಸಿಗೆ ಮದುವೆಮನೆಯ ಗೋಮೆಸಿ, ಆ ನೆಲ ಗುಡಿಸುವ ಉಡುಪು, ಉಡಿಸಿ, ನಡುಪಟ್ಟಿ ಬಿಗಿದು, ಈಗ ಬೇಗ ಹೋಗಿ ಬಾ ಎಂದಂತೆ. ತಂತ್ರಾಂಶದಲ್ಲಿ 'ಖಾಲಿ ಪುಟ' ಎಂಬ ಒಂದು ಆಯ್ಕೆಯೇನೋ ಇತ್ತು. ಒತ್ತಿ ನೋಡಿದೆ. ನೀವು ಅಲ್ಲಿಯೂ ಇದ್ದಿರಿ.

ಬರಿಯ ಪುಟ ಬೇಕೆಂದರೆ ಅದಕ್ಕೊಂದು ಬೇರೆ ಅಚ್ಚು ಮಾಡಬೇಕು. ಮೇಲಿನ ಹೆಡರನ್ನೂ ಕೆಳಗಿನ ಫುಟರನ್ನೂ ಕರೆಯದ ಅಚ್ಚು. ಇದು ಗೊತ್ತಾಗುವ ಮುಂಚೆ, ಹೊಸಬರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬೇರೆ ಅಚ್ಚು ಮಾಡುವ ಬದಲು ಹೆಡರಿನ ಕಡತವನ್ನೇ ಖಾಲಿ ಮಾಡಿಬಿಟ್ಟೆ. ಎದುರು ಮೇಜಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಿಡೆಗಾ ತನ್ನ ಪರದೆ ನೋಡಿ ಕುರ್ಚಿಯಿಂದ ಎದ್ದ.

"ಏನ್ ಮಾಡ್ದೆ ಮೇಡಂ ಸಾಹಿತ್ಯ? ಇಡೀ ಜಿಲ್ಲೆ ಬಟ್ಟೆ ಬಿಚ್ಚಿ ನಿಂತಿದೆ."

"ನನ್ ಪುಟದ ಹೆಡರ್ ತೆಗೆದೆ ಅಷ್ಟೇ."

"ನಿನ್ ಪುಟಕ್ಕೆ ಅಂತ ಬೇರೆ ಹೆಡರ್ ಎಲ್ಲಿದೆ? ಎಲ್ಲಾ ಪುಟಾನೂ ತೊಡೋದು ಅದೊಂದನ್ನೇ. ಬೇಗ ವಾಪಸ್ ಹಾಕು, ಲದಿತ್ ನೋಡೋದ್ರೊಳಗೆ."

ಮೇಡಂ ಸಾಹಿತ್ಯ ಎಂದರೆ ನಾನು, ಸಾಹಿತ್ಯ ಓದಿ ಬಂದವಳೆಂದು ಅವನಿಟ್ಟ ಹೆಸರು. ಲದಿತ್ ಎಂದರೆ ನೀವು. ಕಚೇರಿಯಲ್ಲಿ 'ಹಿರಿಯರು' ಎಂಬ ಆ ಗೌರವದ ಪದಕ್ಕೆ ಬೇರೆ ಯಾರೂ ಹಕ್ಕುದಾರರಿಲ್ಲ. ಹಳೆಯದನ್ನು ಹುಡುಕಿ ಮರಳಿ ಹಾಕುವ ಹೊತ್ತಿಗೆ ಎರಡು ಕರೆಗಳು ಬಂದವು. ಮೊದಲನೆಯದು ಗಡಿಯ ಕಡೆಯ ಆರೋಗ್ಯ ಕೇಂದ್ರದ ನರ್ಸಿನದು. "ಇವತ್ತು ನಮ್ ಸೈಟಿಗೆ ಏನ್ ಬಂತಪ್ಪಾ, ಲಸಿಕೆ ದಿನ ಒತ್ತಿದ್ ತಕ್ಷಣ ಬಂತು. ಹೊಸ ಮಿಷಿನ್ ತಂದ್ರಾ?" ಕಿಡೆಗಾ ನನ್ನ ಮುಖ ನೋಡುತ್ತ "ಹೂಂ ಸಿಸ್ಟರ್, ಹೊಸದು" ಎಂದ. ಎರಡನೆಯ ಕರೆ ನಿಮ್ಮದು. ಇಡೀ ಜಿಲ್ಲೆಯಲ್ಲಿ ನಿಮ್ಮ ಚಿತ್ರ ಕಾಣೆಯಾಗಿದೆ ಎಂದು ದೂರು ಕೊಟ್ಟವರು ನೀವೊಬ್ಬರೇ.

ಆಮೇಲೆ ಸರಿಯಾಗಿ ಮಾಡಿದೆ. ಬಿಳಿ ನೆಲ, ಕಪ್ಪು ಅಕ್ಷರ, ನಾಲ್ಕು ಸಾಲು. ಈ ವಾರ ಎಲ್ಲಿ. ಯಾವ ದಿನ, ಎಷ್ಟು ಹೊತ್ತಿನ ತನಕ. ಪ್ಲಾಸ್ಟರ್ ಯಾವಾಗ ನೆನೆಸಬೇಕು. ಸಂಶಯವಿದ್ದರೆ ಯಾರಿಗೆ ಫೋನು ಮಾಡಬೇಕು. ನಮ್ಮ ಅಚೋಲಿ ಮಾತಿನಲ್ಲೇ ಬರೆದೆ. ಮೊದಲ ಸಾಲಿನಲ್ಲೊಂದು ವಿಶೇಷಣವಿತ್ತು, ಅದನ್ನೂ ತೆಗೆದೆ. ಅದು ಎಷ್ಟು ಹಗುರವಾಗಿತ್ತೆಂದರೆ ಮಾವಿನ ಮರದಡಿ ಸಿಗ್ನಲ್ಲು ಒಂದೇ ಗೆರೆಯಿದ್ದಾಗಲೂ ಬೆರಳು ಎತ್ತುವುದರೊಳಗೆ ಬಂದುಬಿಡುತ್ತಿತ್ತು. ಅದು ಇದ್ದಷ್ಟು ದಿನ ಯಾರೂ ತಪ್ಪು ದಡಕ್ಕೆ ಹೋಗಲಿಲ್ಲವೆಂದು ಪ್ಲಾಸ್ಟರಿನವರೇ ಕಿಡೆಗಾನಿಗೆ ಹೇಳಿದ್ದರು. ನಾನು ಬರೆದದ್ದರಲ್ಲಿ ಇಷ್ಟು ಜನ ಓದಿದ್ದು ಬೇರೆ ಯಾವುದೂ ಇಲ್ಲ.

ನೀವು ಕರೆಸಿದಿರಿ. ನಮ್ಮ ಕಡೆಯ ಹೆಣ್ಣುಮಕ್ಕಳು ಹಿರಿಯರ ಮುಂದೆ ಮಾಡುವಂತೆ ಮಂಡಿಯೂರಿ ಕೂತು ನಿಮ್ಮ ಕೈಗೆ ಟ್ಯಾಬ್ಲೆಟ್ ಕೊಟ್ಟೆ.

"ಇದೇನಮ್ಮ ಇದು? ಬಚ್ಚಲಿಂದ ನೇರ ಬೀದಿಗೆ ಬಂದಂಗಿದೆ."

"ಬೇಗ ಬರತ್ತೆ ಸರ್."

"ಮೈಮೇಲೆ ಬಟ್ಟೆ ಇಲ್ದೋರು ಬೇಗಾನೇ ಓಡ್ತಾರೆ. ಸಾಹಿತ್ಯ ಓದಿದೋಳು ನೀನು. ಅಲಂಕಾರ ಅಂದ್ರೇನು ಅಂತ ಡಾಕ್ಟರು ಹೇಳ್ಕೊಡ್ಬೇಕಾ? ರಾಜಧಾನಿಯೋರು ಇದನ್ನ ನೋಡಿದ್ರೆ ನನ್ ಜಿಲ್ಲೆಗೆ ಏನ್ ಮರ್ಯಾದೆ ಉಳಿಯತ್ತೆ?"

ಇಷ್ಟೇ ಆಗಿದ್ದರೆ ನಿಮ್ಮನ್ನು ಬರಿಯ ಜಂಭದವರೆಂದು ತಿಳಿದು ಸುಮ್ಮನಾಗಬಹುದಿತ್ತು. ನೀವು ಕಿಟಕಿಯ ಕಡೆ ತಿರುಗಿ ಇನ್ನೊಂದು ಮಾತು ಹೇಳಿದಿರಿ. "ನಾನು ಯುದ್ಧದ ಕಾಲದಲ್ಲಿ ನಿರಾಶ್ರಿತರ ಶಿಬಿರದಲ್ಲಿ ಬೆಳೆದೋನು. ಅಲ್ಲಿ ಬಣ್ಣ ಇಲ್ಲದ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆಯೋರು, ಇವತ್ತು ಜೋಳ, ಇವತ್ತು ಎಣ್ಣೆ, ಇವತ್ತು ಏನಿಲ್ಲ. ನನ್ ಜನಕ್ಕೆ ಈಗ್ಲೂ ಅದೇ ಹಲಗೇನಾ?" ಆಗಲಿ ಸರ್ ಎಂದು ಎದ್ದುಬಂದೆ. ಮೇಜಿಗೆ ಹೋಗಿ ಆ ಪುಟದ ಅಚ್ಚನ್ನು ಬದಲಿಸಿದೆ. ಒಂದು ಆಯ್ಕೆಯ ಮುಂದಿನ ಗುರುತು ತೆಗೆದು ಇನ್ನೊಂದರ ಮುಂದೆ ಹಾಕುವ ಕೆಲಸ. ಶ್ರಮವೇನೂ ಇರಲಿಲ್ಲ. ಪುಟ ಮತ್ತೆ ಗೋಮೆಸಿ ಉಟ್ಟು ನಿಂತಿತು. ಕಿಡೆಗಾ ನೋಡಿ, "ಚೆಂದ ಕಾಣ್ತಾಳೆ. ನಡೆಯೋಕಾಗಲ್ಲ, ಅಷ್ಟೇ" ಎಂದ.

ನಿಮ್ಮ ಹಲಗೆಯ ಪ್ರಶ್ನೆಗೆ ಉತ್ತರ ಇಂದು ಆರ್ಯೆಮೊಳ ಫೋನಿಟ್ಟ ಮೇಲೆ ಹೊಳೆಯಿತು. ತಡವಾಯಿತು, ಕ್ಷಮಿಸಿ. ಶಿಬಿರದ ಆ ಹಲಗೆಯ ಮುಂದೆ ನನ್ನ ತಾಯಿಯೂ ಸಾಲಿನಲ್ಲಿ ನಿಂತವಳು. ಆ ದಿನಗಳ ಬಗ್ಗೆ ಅವಳು ಒಳ್ಳೆಯ ಮಾತಾಡುವುದು ಅಪರೂಪ. ಆದರೆ ಹಲಗೆಯ ಮೇಲಿನ ಅಕ್ಷರ ಸಾಲಿನ ಕೊನೆಯವರಿಗೂ ಕಾಣುತ್ತಿತ್ತು ಎಂದು ಎಷ್ಟೋ ಸಲ ಹೇಳಿದ್ದಾಳೆ. ಹಲಗೆ ಬರಿದಾಗಿದ್ದದ್ದು ಅಲ್ಲಿನ ಅವಮಾನವಾಗಿರಲಿಲ್ಲ, ಮಾನ್ಯರೇ. ಅದರ ಮೇಲೆ 'ಇವತ್ತು ಏನಿಲ್ಲ' ಎಂದು ಬರೆಯಬೇಕಾಗಿ ಬಂದದ್ದು ಅವಮಾನ. ಈಗ ನಮ್ಮ ಬಳಿ ಬರೆಯಲು ಏನೋ ಇದೆ. ಪ್ಲಾಸ್ಟರ್ ಇದೆ, ಹಾಕಲು ಬಲ್ಲ ಕೈಯಿದೆ, ದಿನವಿದೆ, ಜಾಗವಿದೆ. ಅಷ್ಟೆಲ್ಲ ಇದ್ದೂ ಅದರ ಮುಂದೆ ನಿಮ್ಮ ಮುಖವನ್ನು ಅಡ್ಡ ನಿಲ್ಲಿಸಿದೆವು.

ನಿಮ್ಮ ಕೋಣೆಯಲ್ಲಿ, ವೈ-ಫೈ ಡಬ್ಬಿಯ ಪಕ್ಕದಲ್ಲಿ, ನಮ್ಮ ಜಾಲತಾಣ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ರಾಜಧಾನಿಯಿಂದ ಬರುವವರಿಗೂ ನೀವು ಅದನ್ನು ಅಲ್ಲಿಯೇ ತೋರಿಸುತ್ತೀರಿ. ಹಾಗಾಗಿ ನಿಮ್ಮ ಮುಖವನ್ನು ನೀವು ಯಾವತ್ತೂ ಪೂರ್ತಿಯಾಗಿಯೇ ನೋಡಿದ್ದೀರಿ. ಅರ್ಧಕ್ಕೆ ನಿಂತದ್ದನ್ನು ನೋಡುವ ಭಾಗ್ಯ ನಿಮಗೆ ಸಿಕ್ಕಿಲ್ಲ. ಯಾರಿಗಾಗಿ ಈ ಪುಟ? ನಿಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತ ಅದನ್ನು ಮೆಚ್ಚುವ ಅತಿಥಿಗೆ ಸೊಟ್ಟ ಪಾದದ ಕೂಸಿದೆಯೇ? ನಸುಕಿನಲ್ಲಿ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಫೋನನ್ನೂ ಹಿಡಿದವಳಿಗೆ ನೀವು ಸೂಟು ತೊಟ್ಟಿರುವುದು ತಿಳಿಯಲೇಬೇಕೆ? ಅವಳಿಗೆ ರಾಜಧಾನಿಯ ಹವಾಮಾನ ಯಾಕೆ?

ನಾಚಿಕೆಯ ವಿಷಯವನ್ನು ಬಿಡಲಾರೆ, ಅದನ್ನು ಎತ್ತಿದವರು ನೀವೇ. ಬರಿಯ ಪುಟ ನೋಡಿ ನೀವು ನಾಚಿಕೊಂಡಿರಿ. ಆ ನಾಚಿಕೆಯನ್ನು ನನಗೆ ದಾಟಿಸಿದಿರಿ. ನಾನು ಅದನ್ನು ಹೊತ್ತು ಮೇಜಿಗೆ ಬಂದು, ಪುಟಕ್ಕೆ ಬಟ್ಟೆ ತೊಡಿಸಿ ಕೈತೊಳೆದುಕೊಂಡೆ. ಅದು ಅಲ್ಲಿಗೆ ಮುಗಿಯಿತೆಂದು ನಾವಿಬ್ಬರೂ ತಿಳಿದೆವು. ಅದು ಇಂದು ಬೆಳಿಗ್ಗೆ ಟ್ಯಾಕ್ಸಿ ನಿಲ್ದಾಣದಲ್ಲಿತ್ತು, ಆರ್ಯೆಮೊಳ ಕೈಯಲ್ಲಿ. ಗಾಜು ಸೀಳಿದ ಫೋನನ್ನು ಅವಳು ಮಗುವನ್ನು ಕಟ್ಟಿದ್ದ ಬಟ್ಟೆಯಡಿ ಮುಚ್ಚಿಟ್ಟುಕೊಂಡದ್ದನ್ನು ನಾನು ಕಂಡೆ. ಜಿಲ್ಲೆಯ ಮರ್ಯಾದೆ ಕಾಪಾಡಲು ನಾವು ಹೊರಟೆವಲ್ಲ, ಅದರ ಬೆಲೆಯಾಗಿ ಒಬ್ಬ ತಾಯಿ ತನ್ನ ಫೋನಿಗಾಗಿ, ತನ್ನ ಬಡತನಕ್ಕಾಗಿ, ಕಡೆಗೆ ಮಗುವಿನ ಕಾಲಿಗಾಗಿಯೂ ತನ್ನನ್ನೇ ದೂರಿಕೊಂಡಳು. ನಾನು ಫೋನಿನ ಈ ತುದಿಯಲ್ಲಿ ಕೂತು 'ಇಲ್ಲ ಅಕ್ಕಾ, ತಪ್ಪು ನಿನ್ನದಲ್ಲ' ಎನ್ನುವಷ್ಟನ್ನು ಹೇಳಿದೆ. ಯಾರದು ಎಂದು ಹೇಳಲಿಲ್ಲ. ನಾನು ಎಲ್ಲಿ ಕೆಲಸ ಮಾಡುವವಳು ಎಂದೂ ಹೇಳಲಿಲ್ಲ. ಅವಳು ನನಗೆ "ದೇವರು ಒಳ್ಳೇದು ಮಾಡ್ಲಿ, ಅಷ್ಟು ಜನದಲ್ಲಿ ನೀನೊಬ್ಳು ಸಹಾಯ ಮಾಡ್ದೆ" ಎಂದಳು. ಆ ಹಾರೈಕೆಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಕೂತಿದ್ದೇನೆ.

ಸಾಹಿತ್ಯ ಓದಿದವಳಿಗೆ ಅಲಂಕಾರ ಗೊತ್ತಿರಬೇಕೆಂದಿರಿ. ಗೊತ್ತು. ನಮಗೆ ಕಲಿಸಿದವರು ಅಲಂಕಾರ ಬಳಸುವುದನ್ನು ಒಂದು ತಿಂಗಳಲ್ಲಿ ಕಲಿಸಿ ಮುಗಿಸಿದರು. ಉಳಿದ ಕಾಲವೆಲ್ಲ ಹೋದದ್ದು ಅದನ್ನು ಎಲ್ಲಿ ಬಿಡಬೇಕು ಎಂದು ಕಲಿಯುವುದಕ್ಕೆ. ನೀವೂ ಔಷಧಿ ಚೀಟಿಯ ಅಂಚಿಗೆ ಹೂಬಳ್ಳಿ ಬಿಡಿಸುವುದಿಲ್ಲವಲ್ಲ?

ನನ್ನ ಬೇಡಿಕೆ ದೊಡ್ಡದಲ್ಲ. ಜಾಲತಾಣದ ಮಿಕ್ಕ ಪುಟಗಳೆಲ್ಲ ನಿಮ್ಮವೇ ಆಗಿರಲಿ. ಜಾರುವ ಚಿತ್ರಗಳು ಜಾರಲಿ, ಗಡಿಯಾರ ಓಡಲಿ, ನಿಮ್ಮ ಸಂದೇಶ ಎಲ್ಲ ಭಾಷೆಗಳಲ್ಲೂ ಇರಲಿ. ಜನ ದಿನ ಮತ್ತು ಜಾಗ ತಿಳಿಯಲು ಬರುವ ಪುಟವನ್ನು ಮಾತ್ರ ಬರಿದಾಗಿ ಬಿಡಿ. ಇದನ್ನು ನನ್ನಂಥವಳ ಗುಟ್ಟಿನ ಕೆಲಸವಾಗಿ ಬಿಡದೆ ಇಲಾಖೆಯ ನಿಯಮವಾಗಿ ಮಾಡಿ. ಬುಧವಾರ ಸಂಜೆಯ ರೇಡಿಯೋ ಮಾತನ್ನೂ ಮರಳಿ ಶುರುಮಾಡಿ. ಆರ್ಯೆಮೊಗೆ ನಾನೇ ಫೋನು ಮಾಡಿ ತಿಳಿಸಬಹುದು. ಬೋಗುಣಿಯ ಮುಂದೆ ಕೂರುವ ಬೇರೆ ತಾಯಂದಿರೂ ಇದ್ದಾರೆ. ಅವರ ನಂಬರು ನನ್ನ ಬಳಿ ಇಲ್ಲ, ನನ್ನದು ಅವರ ಬಳಿ ಇಲ್ಲ.

ಈ ಪತ್ರವನ್ನು ನಮ್ಮ ಪಟ್ಟಣದ ವಾರಪತ್ರಿಕೆಗೆ ಕೊಡುತ್ತಿದ್ದೇನೆ. ಜಾಲತಾಣದಲ್ಲಿ ಹಾಕುವ ಕೀಲಿ ನನ್ನ ಬಳಿ ಇತ್ತು, ಹಾಕಲಿಲ್ಲ. ಆ ಜಾಗ ನನ್ನ ಮಾತಿಗೂ ಅಲ್ಲ, ಆ ನಾಲ್ಕು ಸಾಲಿಗೆ.

ಆ ನಾಲ್ಕು ಸಾಲು ಈಗ ಅಲ್ಲಿವೆ. ಇಂದು ಮಧ್ಯಾಹ್ನ ಆರ್ಯೆಮೊಳ ಕರೆ ಮುಗಿದ ಮೇಲೆ ಆ ಪುಟದ ಅಚ್ಚನ್ನು ಮತ್ತೆ ಬದಲಿಸಿದೆ. ಹೆಡರಿನ ಕಡತವನ್ನು ಮುಟ್ಟಿಲ್ಲ, ಬೇರೆಲ್ಲ ಕಡೆ ನೀವು ಇದ್ದಲ್ಲೇ ಇದ್ದೀರಿ. ನೀವು ಕರೆಸಿ ಬಯ್ಯಬಹುದು. ಮಂಡಿಯೂರಿಯೇ ಕೇಳುತ್ತೇನೆ, ಅದು ರೂಢಿ. ಅದಕ್ಕೆ ಮತ್ತೆ ಬಟ್ಟೆ ತೊಡಿಸು ಎಂದರೆ ಮಾತ್ರ ನನ್ನ ಕೈಯಿಂದ ಆಗುವುದಿಲ್ಲ, ಬೇರೆಯವರಿಗೆ ಹೇಳಿ. ಕಿಡೆಗಾನನ್ನು ಕೇಳಿ ನೋಡಿದೆ. ಅವನಿಗೆ ಆ ಕೆಲಸ ಮರೆತುಹೋಗಿದೆಯಂತೆ.

ಮುಂದಿನ ಗುರುವಾರ ನಾನು ರಜೆ ಹಾಕಿದ್ದೇನೆ. ಕ್ಲಿನಿಕ್ಕು ಯಾವ ದಡದಲ್ಲಿರುತ್ತದೋ ಆ ದಡಕ್ಕೆ ಹೋಗಿ, ಒಚಾಯಾನ ಕಾಲಿಗೆ ಪ್ಲಾಸ್ಟರ್ ಬೀಳುವಾಗ ಅವನ ತಾಯಿಯ ಪಕ್ಕದಲ್ಲಿ ಕೂರುತ್ತೇನೆ. ಆ ಹಣೆಯನ್ನು ಅಲ್ಲಿ ಇಟ್ಟವಳು ನಾನು ಎಂದು ಅವಳಿಗೆ ಹೇಳುತ್ತೇನೆ.

ಇಂತಿ,
ನಿಮ್ಮ ಹಣೆಯ ಹೊಳಪನ್ನು ತಗ್ಗಿಸಿಕೊಟ್ಟ
ಲಾನ್ಯೆರೊ
ಜಾಲತಾಣ ಸಹಾಯಕಿ, ನೀವು ಈ ಪತ್ರ ಓದುವ ತನಕ